ಎರಡನೆಯ ಕೆಲಸಗಾರ

ಬಿಲ್ಲಿನಲ್ಲಿ ಐದು ಮೀಟರ್ ತಾಮ್ರದ ಪೈಪಿತ್ತು. ಗೋಡೆಯ ಮೇಲೆ ಮೂರೇ ಮೀಟರ್!

ಕಂಡುಹಿಡಿದವಳು ನನ್ನ ಅಕ್ಕ. ಅವಳು ಟೈಲರ್. ಕೈಗೆ ಟೇಪು ಸಿಕ್ಕರೆ ಕಿಟಕಿ, ಬಾಗಿಲು ಏನನ್ನೂ ಬಿಡದೆ ಅಳೆಯುವ ಚಟ. ತಾರಸಿಯ ಕೆಳಗಿನ ಅವಳ ಹೊಲಿಗೆ ಕೋಣೆ ಮಧ್ಯಾಹ್ನವಾದರೆ ಕಾದ ಕಾವಲಿ. ಮೂರು ವರ್ಷ ಹೊಟ್ಟೆಬಟ್ಟೆ ಕಟ್ಟಿ ದುಡ್ಡು ಕೂಡಿಸಿ, ನಿನ್ನೆಯಷ್ಟೇ ಏಸಿ ಹಾಕಿಸಿದ್ದಳು. ಬೆಳಿಗ್ಗೆ ಬಿಲ್ಲು ಬಂತು.

ಅಬ್ಬಾ, ಆ ಬಿಲ್ಲೇ! ಯಂತ್ರದ ಬೆಲೆ ಬೇರೆ, ಕೂರಿಸುವ ಕೂಲಿಯೇ ಆರು ಸಾವಿರ. ಗೋಡೆ ಕೊರೆದದ್ದಕ್ಕೆ ಇಷ್ಟು, ಏಣಿ ಹತ್ತಿದ್ದಕ್ಕೆ ಇಷ್ಟು, ಸ್ಟ್ಯಾಂಡು ಬಿಗಿದದ್ದಕ್ಕೆ ಇಷ್ಟು, ಪೈಪು ಎಳೆದದ್ದಕ್ಕೆ ಮೀಟರಿಗಿಷ್ಟು. ಕೊನೆಗೆ 'ಇಬ್ಬರು ಕೆಲಸಗಾರರ ದಿನಗೂಲಿ'. ಏಣಿ ಹತ್ತದೆ ಅಷ್ಟೆತ್ತರದಲ್ಲಿ ಗೋಡೆ ಕೊರೆಯುವುದು ಹೇಗಂತೆ? ಕೇಳುವವರಿಲ್ಲ!

ನನಗೆ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ನನ್ನನ್ನು 'ಸಿಡುಕಿ' ಎಂದು ಸುಮ್ಮನೆ ಕರೆಯುವುದಿಲ್ಲ. ಅಂಗಡಿಗೆ ಫೋನು ಮಾಡಿ, "ನಿಮ್ಮ ಫಿಟ್ಟರ್ ಎರಡು ಮೀಟರ್ ಪೈಪು ನುಂಗಿ ನೀರು ಕುಡಿದಿದ್ದಾನೆ!" ಎಂದು ಕೂಗಾಡಿದೆ.

ಅರ್ಧ ಗಂಟೆಯಲ್ಲಿ ಅಂಗಡಿಯ ಯಜಮಾನರು ಬಂದರು. ಹಿಂದೆ ಫಿಟ್ಟರ್. ಆರಡಿ ದಾಟಿದ ಆಳು, ಎಲ್ಲರೂ 'ಏಣಿ' ಎನ್ನುತ್ತಿದ್ದರು. ಯಜಮಾನರೂ ಟೇಪು ಹಿಡಿದು ಅಳೆದರು. ಮೂರೇ ಮೀಟರ್. ಅವರ ಮುಖ ಕೆಂಪಾಯಿತು.

"ಎಲ್ಲೋ ಮಾರಿದೆ?"

"ನಾನು ಮಾರಿಲ್ಲ ಯಜಮಾನ್ರೇ. ಕೊಟ್ಟಷ್ಟು ಹಾಕಿದೀನಿ."

"ಐದು ಕೊಟ್ಟಿದ್ದು! ಪುಸ್ತಕದಲ್ಲಿದೆ. ನೋಡು, ಸಂಜೆ ಐದು ಗಂಟೆವರೆಗೂ ಟೈಮು. ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ಪೊಲೀಸಿಗೆ ಕೊಡ್ತೀನಿ. ಈ ತಿಂಗಳ ಸಂಬಳ ಇಲ್ಲ. ಇನ್ಯಾವ ಅಂಗಡಿಯವರೂ ನಿನ್ನ ಸೇರಿಸಬಾರದು, ಹಾಗೆ ಮಾಡ್ತೀನಿ."

ಏಣಿ ತಲೆ ತಗ್ಗಿಸಿ ನಿಂತ. ಆಗ ಮೆಟ್ಟಿಲ ಕಡೆಯಿಂದ ದನಿ ಬಂತು. "ಪೈಪನ್ನ ಕತ್ತರಿಸೋರು ಯಾರು?"

ದೊಡ್ಡಮ್ಮ! ನಮ್ಮಮ್ಮನ ಅಕ್ಕ. ಕೆಳಗಿನ ಮನೆಯಲ್ಲೇ ಇದ್ದಾಳೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದವಳು. ಅವಳನ್ನು ಕಂಡರೆ ಅಂಗಡಿಯವರು ತೂಕದ ಬಟ್ಟುಗಳನ್ನು ಒರೆಸಿಡುತ್ತಿದ್ದರಂತೆ. ನಿವೃತ್ತಿಯಾದರೂ ಭೂತಗನ್ನಡಿ ಮಾತ್ರ ಕೈಬಿಟ್ಟಿಲ್ಲ.

"ನಮ್ಮಲ್ಲಿ ಎಲ್ಲ ಶಿಸ್ತು ಅಮ್ಮಾ," ಎಂದರು ಯಜಮಾನರು. "ಸ್ಟೋರು ನೋಡ್ಕೊಳ್ಳೋದು ನಮ್ಮ ಅಳಿಯಂದ್ರು. ಪೈಪು, ವೈರು, ನೀರು ಹೋಗೋ ಕೊಳವೆ—ಮೂರನ್ನೂ ಒಂದೇ ಅಳತೆಗೆ ಕತ್ತರಿಸಿ, ಅಂಟು ಟೇಪು ಸುತ್ತಿ, ಒಂದೇ ಕಟ್ಟು ಮಾಡಿ ಕೊಡ್ತಾರೆ. ಫಿಟ್ಟರ್ ತಂದು ಕೂರಿಸೋದಷ್ಟೇ."

"ಮೂರೂ ಒಂದೇ ಅಳತೆ?"

"ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ."

"ಮತ್ತೆ ಇಬ್ಬರು ಕೆಲಸಗಾರರು ಅಂತ ಬರೆದಿದೀರಿ. ಎರಡನೆಯವನು ಎಲ್ಲಿ?"

ಯಜಮಾನರು ಏಣಿಯತ್ತ ನೋಡಿದರು. ಉತ್ತರ ಕೊಟ್ಟವಳು ಅಕ್ಕ. "ಬಂದಿದ್ದು ಇವನೊಬ್ಬನೇ ದೊಡ್ಡಮ್ಮ. ಹೊರಗಿನ ಯಂತ್ರವನ್ನ ಸ್ಟ್ಯಾಂಡಿನ ಮೇಲೆ ಇಡೋವಾಗ ಆ ತುದಿ ಹಿಡ್ಕೊಂಡಿದ್ದು ನಾನು!"

"ಮತ್ತೆ ಈ ಬಿಲ್ಲಿಗೆ ಸಹಿ ಯಾಕೆ ಹಾಕಿದೆ?"

ಅಕ್ಕ ಪೆಚ್ಚಾದಳು. "ಆಗ ಖಾಲಿ ಫಾರಂ ಇತ್ತು. ಅಂಗಡೀಲಿ ಆಮೇಲೆ ತುಂಬಿಸ್ತಾರೆ ಅಂದ..."

"ಹಾಗಂತ ಹೇಳು ಅಂತ ಚಿಕ್ಕ ಯಜಮಾನ್ರು, ಅದೇ ಅಳಿಯಂದ್ರು, ಅವರೇ ಹೇಳಿದ್ರು," ಎಂದ ಏಣಿ. "ಎಲ್ಲ ಮನೆಯಲ್ಲೂ ಹಾಗೇ."

ನೋಡಿ ಮತ್ತೆ! ಅಳತೆ ಬರೆದುಕೊಳ್ಳದೆ ಒಂದು ಲಂಗಕ್ಕೂ ಕತ್ತರಿ ಹಾಕದ ನನ್ನ ಅಕ್ಕ, ಖಾಲಿ ಕಾಗದಕ್ಕೆ ಸಹಿ ಹಾಕಿದ್ದಳು. ಯಾರನ್ನು ಬೈಯಬೇಕೋ ತಿಳಿಯದೆ ಮೈಯೆಲ್ಲ ಉರಿಯಿತು.

"ಒಬ್ಬನೇ ಯಾಕಪ್ಪಾ ಮಾಡ್ತೀಯ?" ದೊಡ್ಡಮ್ಮ ಏಣಿಯನ್ನು ಕೇಳಿದಳು. "ಸಹಾಯಕ್ಕೆ ಜನ ಕೇಳಲಿಲ್ವಾ?"

"ಕೇಳಿದ್ದೆ. ಒಬ್ಬನ ಕೈಲಿ ಆಗಲ್ಲ ಅಂದ್ರೆ, ಆಗೋವ್ನನ್ನೇ ಕರೀತೀವಿ ಅಂದ್ರು." ಅವನು ಎಡಭುಜ ಸವರಿಕೊಂಡ. "ಒಂದು ಏಸಿ ಹಾಕಿದ್ರೆ ನನಗೆ ಬರೋದು ಆರುನೂರು. ಅದನ್ನೂ ಕಳ್ಕೊಂಡ್ರೆ?"

ಆರು ಸಾವಿರದಲ್ಲಿ ಆರುನೂರು! ಕೊರೆದವನು, ಹತ್ತಿದವನು, ಬಿಗಿದವನು, ಎಳೆದವನು, ಎಲ್ಲ ಒಬ್ಬನೇ!

ದೊಡ್ಡಮ್ಮ ಒಳಗಿನ ಯಂತ್ರದ ಮುಚ್ಚಳ ಬಿಚ್ಚಿಸಿದಳು. ಸುತ್ತಿದ ಅಂಟು ಟೇಪಿನಿಂದ ಹೊರಬಂದ ವೈರಿನ ತುದಿಗೆ ಭೂತಗನ್ನಡಿ ಹಿಡಿದಳು. ಆಮೇಲೆ ಹೊರಗಿನ ತುದಿಗೂ ಹಿಡಿದಳು. ಚೀಟಿಯಲ್ಲಿ ಬರೆದುಕೊಂಡಳು: ಅರವತ್ತೊಂದು. ಅರವತ್ತಮೂರು.

"ಕಳವಾಗಿರೋದು ಪೈಪು. ನೀನು ವೈರು ನೋಡ್ತಿದೀಯಲ್ಲ ದೊಡ್ಡಮ್ಮ?" ಎಂದೆ.

"ಸುಮ್ನಿರೇ ಸಿಡುಕಿ. ಲೇ ಏಣಿ, ಇಲ್ಲಿಂದ ಮುಂದೆ ಎಲ್ಲಿಗೆ ಹೋದೆ?"

"ಪಕ್ಕದ ಬೀದಿ ಹಲ್ಲಿನ ಡಾಕ್ಟರ ಶಾಪಿಗೆ. ಅದೇ ಕೊನೆಯದು. ಇವತ್ತು ಕೆಲಸ ಇಲ್ಲ."

ಶಾಪು ತೆರೆಯುವುದೇ ಸಂಜೆ ನಾಲ್ಕಕ್ಕೆ. ನಾವು ಹೋದಾಗ ಡಾಕ್ಟರು ಆಗಷ್ಟೇ ಒಬ್ಬರ ಬಾಯಿ ತೆರೆಸಿದ್ದರು, ಪುರುಸೊತ್ತಿರಲಿಲ್ಲ. "ನೋಡ್ಕೊಳ್ಳಿ, ನೋಡ್ಕೊಳ್ಳಿ," ಎಂದರು. ಅಲ್ಲೂ ಬಿಲ್ಲಿನಲ್ಲಿ ಐದು, ಗೋಡೆಯಲ್ಲಿ ಮೂರು. ಅಲ್ಲೂ ಇಬ್ಬರ ಕೂಲಿ. ಅಲ್ಲೂ ಒಬ್ಬನೇ ಬಂದಿದ್ದ. ದೊಡ್ಡಮ್ಮ ಮತ್ತೆ ಬರೆದಳು: ಅರವತ್ತನಾಲ್ಕು. ಅರವತ್ತಾರು.

"ಕಂಡ್ರಾ!" ಯಜಮಾನರು ಗುಡುಗಿದರು. "ಇಲ್ಲೂ ಎರಡು ಮೀಟರ್ ಕದ್ದಿದ್ದಾನೆ!"

"ಕದ್ದಿದ್ದು ನಿಜ," ಎಂದಳು ದೊಡ್ಡಮ್ಮ. "ನಡೀರಿ, ನಿಮ್ಮ ಸ್ಟೋರಿಗೆ ಹೋಗೋಣ."

ಸ್ಟೋರಿಗೆ ಒಂದೇ ಬೀಗದ ಕೈ. ಅದು ಅಳಿಯನ ಸೊಂಟದಲ್ಲಿತ್ತು. ಇಸ್ತ್ರಿ ಅಂಗಿ, ನಗುಮುಖ. ನಮ್ಮನ್ನು ಕಂಡವನೇ ಕುರ್ಚಿ ಎಳೆದು ಹಾಕಿದ. ಗೋಡೆ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ಏಣಿ ಅದನ್ನೇ ನೋಡುತ್ತ ನಿಂತಿದ್ದ.

"ಈಗ ಬಳಸ್ತಿರೋ ವೈರಿನ ಸುರುಳಿ ಬಿಚ್ಚಿದ ಮೇಲೆ ಎಷ್ಟು ಮನೆಗೆ ಕೊಟ್ಟಿದೀರಿ?" ದೊಡ್ಡಮ್ಮ ಕೇಳಿದಳು.

ಅಳಿಯ ಪುಸ್ತಕ ತೆರೆದ. "ಇಪ್ಪತ್ತೆರಡು. ಒಂದೊಂದಕ್ಕೆ ಐದು ಮೀಟರ್. ಎಲ್ಲ ಇವನ ಕೈಗೇ ಕೊಟ್ಟಿದ್ದು."

"ಮಧ್ಯೆ ಬೇರೆ ಸುರುಳಿ?"

"ಇಲ್ಲ. ಒಂದು ಮುಗಿಯೋವರೆಗೂ ಇನ್ನೊಂದು ಬಿಚ್ಚಲ್ಲ. ಲೆಕ್ಕ ಅಂದ್ರೆ ಲೆಕ್ಕ."

"ಸಹಾಯಕನ ಕೂಲಿ ಯಾರು ಕೊಡ್ತಾರೆ?"

"ಅದನ್ನೂ ಅಳಿಯಂದ್ರೇ," ಎಂದರು ಯಜಮಾನರು. "ಮನೆಗೆ ಐನೂರು ಲೆಕ್ಕ ಹಾಕಿ ಶನಿವಾರ ಶನಿವಾರ ನನ್ನ ಹತ್ರ ತಗೊಂಡು ಹೋಗಿ ಕೊಡ್ತಾರೆ."

"ಯಾರಿಗೆ?"

ಅಳಿಯನ ನಗು ಸ್ವಲ್ಪ ಸಣ್ಣದಾಯಿತು. "ಯಾರೋ... ಅವತ್ತವತ್ತು ಸಿಕ್ಕಿದವರಿಗೆ."

"ಆ ಸುರುಳಿ ತನ್ನಿ."

"ಸುರುಳಿ ಯಾಕೆ? ಹೋಗಿರೋದು ಪೈಪಲ್ವಾ?"

"ತನ್ನಿ ಅಂದೆ."

ಸುರುಳಿ ಬಂತು. ದೊಡ್ಡಮ್ಮ ಅದರ ತುದಿಯನ್ನು ಯಜಮಾನರ ಕೈಗಿಟ್ಟು ಭೂತಗನ್ನಡಿ ಕೊಟ್ಟಳು. "ಓದಿ."

"ಅರವತ್ತೇಳು. ಅಂದ್ರೇನು?"

"ವೈರಿನ ಮೈಮೇಲೆ ಮೀಟರಿಗೊಂದು ಅಂಕಿ ಕಾರ್ಖಾನೆಯಲ್ಲೇ ಹೊಡೆದಿರ್ತಾರೆ. ಒಂದರಿಂದ ನೂರರವರೆಗೆ. ದಿನಾ ಕೈಯಲ್ಲಿ ಹಿಡಿಯೋ ವಸ್ತು, ಅದಕ್ಕೇ ಯಾರೂ ನೋಡಿಲ್ಲ. ನಮ್ಮ ಮನೇಲಿ ಅರವತ್ತೊಂದರಿಂದ ಅರವತ್ತಮೂರು. ಹಲ್ಲಿನ ಡಾಕ್ಟರ ಹತ್ರ ಅರವತ್ತನಾಲ್ಕರಿಂದ ಅರವತ್ತಾರು. ಇಲ್ಲಿ ಅರವತ್ತೇಳು. ಇವನು ದಾರೀಲಿ ಎರಡು ಮೀಟರ್ ಕತ್ತರಿಸಿ ಮಾರಿದ್ರೆ ಮಧ್ಯೆ ಎರಡು ಅಂಕಿ ಕಾಣೆಯಾಗಬೇಕಿತ್ತು. ಎಲ್ಲಿ ಕಾಣೆಯಾಗಿದೆ?"

ಯಜಮಾನರು ಆ ಅಂಕಿಗೆ ಮತ್ತೊಮ್ಮೆ ಭೂತಗನ್ನಡಿ ಹಿಡಿದರು.

"ಪೈಪು, ವೈರು ಎರಡಕ್ಕೂ ಒಂದೇ ಅಳತೆ ಅಂತ ನೀವೇ ಹೇಳಿದ್ರಿ. ವೈರು ಮೂರೇ ಮೀಟರ್ ಹೊರಗೆ ಹೋಗಿದ್ರೆ ಪೈಪೂ ಮೂರೇ. ಇನ್ನೂ ಅನುಮಾನ ಇದ್ರೆ ಇದನ್ನ ಹೇಳಿ: ಇಪ್ಪತ್ತೆರಡು ಮನೆಗೆ ಐದೈದು ಅಂದ್ರೆ ನೂರಾಹತ್ತು. ನೂರು ಮೀಟರಿನ ಸುರುಳಿಯಿಂದ ನೂರಾಹತ್ತು ಕೊಟ್ಟು, ಮೂವತ್ತನಾಲ್ಕು ಉಳಿಸಿದಾರಲ್ಲ ನಿಮ್ಮ ಅಳಿಯಂದ್ರು? ಇದ್ಯಾವ ಅಕ್ಷಯಪಾತ್ರೆ? ಮೂರು ಕೊಟ್ಟು ಐದು ಬರೆದಿದಾರೆ. ಉಳಿದ ತಾಮ್ರ ಹಿಂಬಾಗಿಲಿಂದ ಹೋಗಿದೆ. ಇಲ್ಲದ ಸಹಾಯಕನ ಕೂಲಿ ಜೇಬಿಗೆ ಹೋಗಿದೆ. ಜನರ ಸಹಿ ಖಾಲಿ ಕಾಗದದ ಮೇಲೆ ಸಿಕ್ಕಿದೆ. ಸಿಕ್ಕಿಹಾಕಿಕೊಳ್ಳೋ ದಿನ ಬಂದ್ರೆ ಕಳ್ಳ ಅನ್ನಿಸಿಕೊಳ್ಳೋಕೆ ಇವನಿದ್ದ."

ಅಳಿಯ ಹಣೆ ಒರೆಸಿಕೊಂಡ. "ಮಾವಾ, ಅದು ಹಾಗಲ್ಲ—"

ಯಜಮಾನರ ಗುಡುಗು ಎಲ್ಲಿ ಹೋಯಿತೋ! ಮೆಲ್ಲಗೆ ಬಾಗಿಲು ಮುಂದೆ ಮಾಡಿದರು. "ಅಮ್ಮಾ, ಇದು ಮನೆ ವಿಷಯ. ನಾವೇ ಸರಿಮಾಡ್ಕೋತೀವಿ. ನಿಮ್ಮ ದುಡ್ಡು ವಾಪಸ್ ಕೊಡ್ತೀನಿ."

ದೊಡ್ಡಮ್ಮ ಜೀವಮಾನದಲ್ಲಿ ಮೊದಲ ಸಲ ನನಗಿಂತ ಜೋರಾಗಿ ಕೂಗಿದ್ದನ್ನು ಕೇಳಿದೆ. "ಬೆಳಿಗ್ಗೆ ಇವನಾದ್ರೆ ಪೊಲೀಸು, ಈಗ ಅಳಿಯನಾದ್ರೆ ಮನೆ ವಿಷಯವಾ? ಐದು ಗಂಟೆ ಅಂತ ಹೇಳಿದವರು ನೀವು. ಇನ್ನೂ ಎರಡು ನಿಮಿಷ ಇದೆ." ಅವಳು ಅಲ್ಲೇ ನಿಂತು ಪೊಲೀಸರಿಗೆ ಫೋನು ಮಾಡಿದಳು.

ಯಜಮಾನರು ಏಣಿಯ ಕಡೆ ತಿರುಗಿದರು. "ತಪ್ಪಾಯ್ತಪ್ಪ. ನಾಳೆಯಿಂದ ಕೆಲಸಕ್ಕೆ ಬಾ. ಸಂಬಳ ಹಿಡಿಯಲ್ಲ."

"ಅದು ಸರಿ," ಎಂದ ಏಣಿ. ಮೊದಲ ಸಲ ತಲೆ ಎತ್ತಿದ. "ಎರಡನೆಯವನ ಕೂಲಿ?"

"ಯಾವ ಎರಡನೆಯವನು? ಅವನು ಇರಲೇ ಇಲ್ಲವಲ್ಲ!"

"ಇದ್ದ ಯಜಮಾನ್ರೇ. ಅವನ ಕೆಲಸ ಆಗಿದೆ. ಅವನ ಕೂಲೀನ ಜನ ನಿಮಗೆ ಕೊಟ್ಟಿದ್ದಾರೆ. ಇಪ್ಪತ್ತೆರಡು ಮನೆಯಲ್ಲಿ ಆ ಭಾರ ಹೊತ್ತಿದ್ದು ಈ ಭುಜ. ಮನೆಗೆ ಐನೂರರ ಹಾಗೆ ಹನ್ನೊಂದು ಸಾವಿರ. ಎರಡನೆಯವನು ನಾನೇ."

ಅಕ್ಕ ಮೇಜಿನ ಮೇಲಿದ್ದ ಒಂದು ಖಾಲಿ ಫಾರಂ ಎಳೆದುಕೊಂಡಳು. ಅವನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ದುಂಡಗೆ ಬರೆದಳು. ಆಮೇಲೆ ಯಜಮಾನರ ಮುಂದಿಟ್ಟಳು. "ಪೂರ್ತಿ ಓದಿ ಸಹಿ ಹಾಕಿ. ನನ್ನ ಹಾಗೆ ಮಾಡಬೇಡಿ."

ಅವರು ಓದಿ ಸಹಿ ಹಾಕಿದರು.

ಏಣಿ ಆ ಕಾಗದವನ್ನು ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದ. ಬಾಗಿಲ ಪಕ್ಕ ಒರಗಿಸಿದ್ದ ಕಬ್ಬಿಣದ ಏಣಿ ಎತ್ತಲು ಬಗ್ಗಿದ. ಬೆಳಿಗ್ಗೆ ಫೋನಿನಲ್ಲಿ ನಾನು ಆಡಿದ ಮಾತು ನೆನಪಾಯಿತು. ಅವನ ಭುಜ ನೋಡದೆ, ಮುಖ ನೋಡದೆ, ಕಳ್ಳ ಎಂದವಳು ನಾನು.

"ತಪ್ಪಾಯ್ತಣ್ಣ," ಎಂದೆ. ಹೋಗಿ ಏಣಿಯ ಇನ್ನೊಂದು ತುದಿ ಹಿಡಿದೆ.

ಅವನು ತನ್ನ ತುದಿ ಎತ್ತಿದ. ಆಮೇಲೆ ನಕ್ಕ. "ಹುಷಾರು ತಂಗೀ, ಭಾರ ಇದೆ," ಎಂದ.

ನಿಜಕ್ಕೂ ಭಾರವಿತ್ತು.