ನಾಲ್ಕು ಗಂಟೆಯ ಫೈಲು

ಸಂಗೀತದ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕುಳಿತಲ್ಲೇ ಸತ್ತಿದ್ದರು. ಹೆಡ್‌ಫೋನಿನ ವಯರು ಕುತ್ತಿಗೆಗೆ ಬಿಗಿದಿತ್ತು. ನಾಲ್ಕೂಕಾಲಿಗೆ ಪಾಠಕ್ಕೆಂದು ಬಂದು ಮೊದಲು ನೋಡಿದವಳು ಅವರ ಶಿಷ್ಯೆ, ಪಕ್ಕದ ಕ್ಲಿನಿಕ್ಕಿನ ಕಾಂಪೌಂಡರನ ತಂಗಿ ಮಗಳು. ಅವಳ ಕೂಗಿಗೆ ಕಾಂಪೌಂಡರ್ ಓಡಿಬಂದ. ಆಮೇಲೆ ಬಂದ ಪೊಲೀಸರು ಕೊಲೆಯನ್ನು ಅವಳ ತಲೆಗೇ ಕಟ್ಟಿದರು.

"ಸಿ.ಡಿ.ಯಿಂದ ಕೊನೆಯ ಹಾಡು ಕಂಪ್ಯೂಟರಿಗೆ ಇಳಿದಿದ್ದು ನಾಲ್ಕಕ್ಕೆ. ಅಲ್ಲೀವರೆಗೂ ಮೇಷ್ಟ್ರು ಬದುಕಿದ್ರು," ಎಂದರು ಇನ್‌ಸ್ಪೆಕ್ಟರು. "ಮಹಡಿ ಮೆಟ್ಟಿಲಿಗೆ ಎರಡರಿಂದ ಬಣ್ಣ ಬಳೀತಿದ್ದೋನು ಈ ಹುಡುಗೀನ ಬಿಟ್ಟು ಯಾರನ್ನೂ ನೋಡಿಲ್ಲ."

"ನಾನು ಊಟ ಕೊಟ್ಟು ಒಂದೂವರೆಗೇ ಹೊರಟೆ," ಎಂದು ಮೇಷ್ಟ್ರ ತಮ್ಮ ಕಣ್ಣೊರೆಸಿಕೊಂಡರು. ಅವರು ದೊಡ್ಡ ಹೆಸರಿನ ಗಾಯಕರು.

ಕಾಂಪೌಂಡರ್ ಕೆಳಮನೆಯ ಗಡಿಯಾರದಜ್ಜನನ್ನು ಕರೆತಂದ. ಗಡಿಯಾರ ರಿಪೇರಿ ಅಜ್ಜನ ಕಸುಬು. ಪೊಲೀಸರು ಕೈಬಿಟ್ಟ ಮೂರು ಕೊಲೆಗಳ ಒಗಟು ಬಿಡಿಸಿದ್ದು ಅವರ ಹವ್ಯಾಸ.

ಅಜ್ಜ ಯಂತ್ರದೊಳಗಿನ ಸಿ.ಡಿ.ಯನ್ನು ಬೆಳಕಿಗೆ ಹಿಡಿದರು. ಮೈತುಂಬ ಗೀರು, ನಡುವೆ ಒಂದು ಹೆಬ್ಬೆಟ್ಟಿನ ಗುರುತು. ಕಪಾಟಿನಲ್ಲಿ ಇನ್ನೂ ಇಳಿಸದ ನಾನೂರು ಸಿ.ಡಿ.ಗಳಿದ್ದವು. ಪಕ್ಕದ ಪೆಟ್ಟಿಗೆಯ ಮೇಲೆ ಮೇಷ್ಟ್ರ ಕೈಬರಹ: 'ರೋಗಿಗಳು. ಕೊನೆಗೆ.'

"ಒಂದಕ್ಕೆ ಎಷ್ಟು ಹೊತ್ತು ಬೇಕು ಮಗಳೇ?"

"ಹತ್ತು ನಿಮಿಷ ಅಜ್ಜ. ಗೀರಿದ್ರೆ ಓದಿದ್ದೇ ಓದ್ತಾ ಗಂಟೆಗಟ್ಟಲೆ ಕೂತ್ಬಿಡುತ್ತೆ. ಅಂಥವನ್ನೆಲ್ಲ ಮೇಷ್ಟ್ರು ಈ ಪೆಟ್ಟಿಗೇಲಿ ಇಡ್ತಿದ್ರು."

ಅಜ್ಜ ಪರದೆಯಲ್ಲಿ ಫೈಲುಗಳ ವೇಳೆ ನೋಡಿ, ಎಲ್ಲರನ್ನೂ ಕೂರಿಸಿದರು.

"ಕೊನೆಯ ಫೈಲು ನಾಲ್ಕಕ್ಕೆ, ಸರಿ. ಇದೇ ಸಿ.ಡಿ.ಯ ಮೊದಲನೇದು ಯಾವಾಗ ಅಂತ ಯಾರೂ ನೋಡಲಿಲ್ಲ. ಒಂದು ಇಪ್ಪತ್ತೆಂಟಕ್ಕೆ! ಅಲ್ಲಿಂದ ನಾಲ್ಕರವರೆಗೂ ಯಂತ್ರ ಒಂದೇ ಸಿ.ಡಿ. ಜೊತೆ ಗುದ್ದಾಡಿದೆ. ಅದಕ್ಕೆ ಮನುಷ್ಯ ಬದುಕಿರಬೇಕಾಗಿಲ್ಲ. ನಾನೂರು ಆರೋಗ್ಯವಂತರು ಕಾಯ್ತಿರುವಾಗ ಮೇಷ್ಟ್ರು ರೋಗೀನ ಮುಟ್ಟೋರೇ ಅಲ್ಲ. ಮುಟ್ಟಿದ್ರೂ ಅಂಚು ಹಿಡಿದು, ಒರೆಸಿ ಹಾಕೋರು. ಈ ಹೆಬ್ಬೆಟ್ಟು ಅವರದಲ್ಲ. ಒಂದೂವರೆಗೆ ಇಲ್ಲಿದ್ದವರು ಯಾರು?"

ಗಾಯಕರ ಕೈಗಳು ಜೇಬಿನೊಳಗೆ ಸೇರಿದವು. ಇನ್‌ಸ್ಪೆಕ್ಟರು ಅವನ್ನು ಹೊರಗೆಳೆದರು.

"ನನ್ನ ಮೊದಲ ಸಿ.ಡಿ.ಲಿ ಹಾಡಿದ್ದು ಅಣ್ಣ," ಎಂದರು ಗಾಯಕರು ಕುಸಿದು. "ನನಗೆ ಹೆಸರು ತಂದುಕೊಟ್ಟಿದ್ದೇ ಅದು. ಇಪ್ಪತ್ತೈದು ವರ್ಷ ಬಾಯಿ ಬಿಡದೋನು, ಈಗ ಫೈಲಿಗೆ ಹಾಡಿದವರ ಹೆಸರು ಬರೆಯುವಾಗ ತನ್ನದೇ ಬರೆದ. ಸುಳ್ಳು ಬರೆಯೋಕೆ ಕೈ ಬರ್ತಿಲ್ಲ ಅಂದ. ಅಳಿಸು ಅಂತ ಕಾಲು ಹಿಡಿದೆ."

"ಆಮೇಲೆ ಕುತ್ತಿಗೆ ಹಿಡಿದ್ರಿ," ಎಂದರು ಅಜ್ಜ.

"ಆ ಫೈಲನ್ನ ನಾನೇ ಅಳಿಸಿದೆ."

ಅವರನ್ನು ಕರೆದೊಯ್ದ ಮೇಲೂ ಹುಡುಗಿ ಕದಲಲಿಲ್ಲ. ತಪ್ಪಿಸಿಕೊಂಡ ಸಮಾಧಾನಕ್ಕಿಂತ ಗುರುಗಳಿಗಾದ ಅನ್ಯಾಯ ಅವಳನ್ನು ಹೆಚ್ಚು ಸುಡುತ್ತಿತ್ತು. "ಅವರ ಆ ಮೊದಲ ಸಿ.ಡಿ. ಇಲ್ಲೇ ಇದೆ ಮಾಮ," ಎಂದಳು.

ಇನ್‌ಸ್ಪೆಕ್ಟರ ಒಪ್ಪಿಗೆ ಪಡೆದು ಅವಳು ಅದನ್ನು ಮತ್ತೆ ಇಳಿಸಿದಳು. ಕಂಪ್ಯೂಟರು ಹಾಡಿದವರ ಹೆಸರು ಕೇಳಿದ ಕಡೆ, ಬಿಕ್ಕುತ್ತಲೇ, ಒಂದೊಂದೇ ಅಕ್ಷರ ಒತ್ತಿ ಸತ್ತವರ ಹೆಸರನ್ನು ಬರೆದಳು.