ಪರದೆಯ ಹಿಂದೆ ಹೆಸರು ಹೇಳಿದವಳು

"ಪರದಿ ಬೇಕಂದ್ರ ಒಯ್ಯಿ. ಆದ್ರ ಅದರ ಹಿಂದ ನಿಂತು ಹೆಸರು ಹೇಳಬ್ಯಾಡ. ಅಷ್ಟ ನಾ ಹೇಳೂದು."

ಟ್ರಂಕಿನ ಮುಚ್ಚಳದ ಮೇಲೆ ಎರಡೂ ಕೈ ಊರಿ ಬೋರವ್ವ ಹೀಗಂದಾಗ ಐಶ್ವರ್ಯಳಿಗೆ ನಗು ತಡೆಯಲಾಗಲಿಲ್ಲ. ಶಾಲೆಯ ವೇಷಭೂಷಣದ ಕೋಣೆಗೆ ಬೋರವ್ವನೇ ಯಜಮಾನಿ. ಕಿರೀಟ, ಭುಜಕೀರ್ತಿ, ಗೆಜ್ಜೆ, ಬಣ್ಣದ ಡಬ್ಬಿ, ಎಲ್ಲದರ ಕೀಲಿಯೂ ಆಕೆಯ ಸೊಂಟದಲ್ಲಿ.

"ಆಯೀ, ಆಟದಾಗ ಹೆಸರು ಹೇಳದ ಮತ್ತೇನು ರೇಶನ್ ಕಾರ್ಡ್ ತೋರಸ್ಲೇನು?"

"ನಗಬ್ಯಾಡ ಬೇ. ಪರದಿ ಸರಿದ ಮ್ಯಾಲೆ ಹೇಳು, ಹತ್ತು ಸಲ ಹೇಳು. ಅದಕ್ಕ ಮೊದಲ ಬ್ಯಾಡ. ಒಳಗೊಬ್ಬಾಕಿ ಕಾಯಾಕತ್ತಾಳ."

"ಟ್ರಂಕಿನ್ಯಾಗ? ಪಾಪ, ಉಸಿರು ಹೆಂಗ ಆಡ್ತಾಳ?"

ಬೋರವ್ವ ಕಾದ ಹಂಚಿನಿಂದ ತೆಗೆದ ಹಾಗೆ ಕೈ ತೆಗೆದಳು, ಅಷ್ಟೇ.

ಬನಹಟ್ಟಿಯಿಂದ ಚಿಮ್ಮಡದ ಕಡೆ ಹೊರಳುವಲ್ಲಿ, ಯಾವ ಕಾಲಕ್ಕೋ ಮುಚ್ಚಿದ ಪವರ್‌ಲೂಮ್ ಶೆಡ್ಡಿನಲ್ಲಿ ಆ ಶಾಲೆ ನಡೆಯುತ್ತಿತ್ತು. ಬೆಳಿಗ್ಗೆ ಗಣಿತ, ವಿಜ್ಞಾನ. ಊಟವಾದ ಮೇಲೆ ಹಾಡು, ಕುಣಿತ, ದೊಡ್ಡಾಟ. ಉಳಿಯಲು ಹಾಸ್ಟೆಲ್ಲು. ಹತ್ತನೆಯ ಇಯತ್ತೆಗೆಂದು ಐಶ್ವರ್ಯ ಮುಧೋಳದಿಂದ ಬಂದು ಆರು ತಿಂಗಳಾಗಿತ್ತು. ತಾಯಿ ಮಂಗಲಾ ಮುಧೋಳದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿದು ಬಡಿದು ಆಕೆಯ ಅಂಗೈ ಹಲಗೆಯಂತಾಗಿತ್ತು. ಮಗಳ ಕೈ ಹಾಗಾಗಬಾರದು ಅನ್ನುವುದೊಂದೇ ಆಕೆಯ ಹಟ.

ವರ್ಷದ ಕೊನೆಯ ಆಟ ನೋಡಲು ಧಾರವಾಡದಿಂದ ಇಬ್ಬರು ಬರುವವರಿದ್ದರು. ಅವರ ಮನಸ್ಸಿಗೆ ಬಂದ ಒಬ್ಬರನ್ನು ಅಲ್ಲಿಯ ರಂಗಶಾಲೆಗೆ ಕರೆದುಕೊಳ್ಳುತ್ತಾರೆ. ಊಟ, ವಸತಿ, ಓದು ಎಲ್ಲ ಅವರದೇ. ರಾಜಕುಮಾರಿ ಹೇಮಾಂಗಿಯ ಪಾತ್ರ ಐಶ್ವರ್ಯಳಿಗೆ ಸಿಕ್ಕಿತ್ತು. ಆದರೆ ಪಾತ್ರದ ಮೊದಲ ಹಾಡಿನಲ್ಲಿ ಒಂದು ಮೇಲಿನ ಸ್ವರವಿತ್ತು. ಅಲ್ಲಿಗೆ ಬಂದಾಗಲೆಲ್ಲ ಆಕೆಯ ಗಂಟಲು ಹಳೇ ಬಾಗಿಲಿನಂತೆ ಕಿರ್ ಅನ್ನುತ್ತಿತ್ತು.

ದೊಡ್ಡಾಟದಲ್ಲಿ ಪಾತ್ರ ನೆಟ್ಟಗೆ ರಂಗಕ್ಕೆ ಬಂದುಬಿಡುವುದಿಲ್ಲ. ಇಬ್ಬರು ಅಡ್ಡ ಪರದೆ ಹಿಡಿಯುತ್ತಾರೆ, ಪಾತ್ರ ಅದರ ಹಿಂದೆ ಕುಣಿಯುತ್ತದೆ. ನೋಡುವವರಿಗೆ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಪಾದ, ಅಷ್ಟೇ ಕಾಣಿಸುವುದು. ಪರದೆ ಸರಿದ ಮೇಲೆ ಆಟ ನಡೆಸುವ ಸಾರಥಿ ಕೇಳುತ್ತಾನೆ: ಬಂದಂಥವರು ಯಾರು, ನಿಮ್ಮ ನಾಮಾಂಕಿತವೇನು? ಆಗ ಪಾತ್ರ ತನ್ನ ಹೆಸರು ಹೇಳುತ್ತದೆ. ಹೇಳುವವರೆಗೆ ಆ ಹುಡುಗಿ ಆ ಹುಡುಗಿಯೇ. ಹೇಳಿದ ಮೇಲೆ ರಾಣಿ.

ಐಶ್ವರ್ಯಳಿಗೆ ಒಂದು ಯೋಚನೆ ಹೊಳೆದಿತ್ತು. ಪರದೆ ಸರಿಯುವ ಮೊದಲೇ ಸಾರಥಿ ಕೇಳಲಿ, ತಾನು ಒಳಗಿಂದಲೇ ಹೆಸರು ಹೇಳಿ ಹಾಡು ಎತ್ತಿಕೊಳ್ಳುವುದು; ಮೊದಲು ದನಿ, ಆಮೇಲೆ ಮೋರೆ. ದೊಡ್ಡಾಟ ಕಲಿಸುವ ಪ್ರಭುಲಿಂಗ ಸರ್ ಕೂಡ ಮೀಸೆ ತೀಡಿ "ಛಲೋ ಐತಿ, ಹೊಸಾದು" ಅಂದಿದ್ದರು. ಇದ್ದ ಮಖಮಲ್ಲಿನ ಪರದೆಯನ್ನು ಇಲಿ ಕಡಿದಿದ್ದರಿಂದ ಟ್ರಂಕಿನ ಪರದೆಯೇ ಗತಿಯಾಯಿತು.

ಕೈಮಗ್ಗದ ನೇಯ್ಗೆ. ಒಣಗಿದ ರಕ್ತದ ಬಣ್ಣ. ಬೆಳಕಿಗೆ ಹಿಡಿದರೆ ಹೊಕ್ಕಿನ ಅಡ್ಡ ಎಳೆಗಳ ನಡುನಡುವೆ ಕರ್ರಗೆ ಏನೋ ಮಿರುಗುತ್ತಿತ್ತು. ಮೂಗಿಗೆ ಮೊದಲು ಗಂಜಿಯ ವಾಸನೆ ಬಡಿಯಿತು. ಅದರ ಕೆಳಗೆ ಕೊಬ್ಬರಿ ಎಣ್ಣೆ. ಅದರ ಕೆಳಗೆ, ಜ್ವರ ಬಂದು ಮಲಗಿದವರ ಕೌದಿಗೆ ಬರುತ್ತದಲ್ಲ, ಆ ಬೆವರು.

ಮೊದಲ ತಾಲೀಮಿನಲ್ಲಿ ಪರದೆಯ ಒಂದು ತುದಿ ವಿಜಯಾಳ ಕೈಯಲ್ಲಿ, ಇನ್ನೊಂದು ಪ್ರೀತಿಯ ಕೈಯಲ್ಲಿ. ಸಾರಥಿಯಾದ ಶಶಿಕಾಂತ ಹೊಟ್ಟೆ ಮುಂದೆ ಮಾಡಿ ಕೂಗಿದ: "ಬಂದಂಥವರು ಯಾರು? ನಿಮ್ಮ ನಾಮಾಂಕಿತವೇನು? ಲಗೂನ ಹೇಳ್ರೀ, ಚಾ ಆರಾಕತ್ತೈತಿ!"

ಎಲ್ಲರೂ ನಕ್ಕರು. ಐಶ್ವರ್ಯ ಬಟ್ಟೆಗೆ ಬಾಯಿ ಹತ್ತಿರ ಮಾಡಿ ಹೆಸರು ಹೇಳಿದಳು. "ಹೇಮಾಂಗಿ."

ಬಟ್ಟೆ ಒಳಕ್ಕೆ ಉಸಿರೆಳೆದುಕೊಂಡಿತು.

ಹಾಡು ಬಂತು. ಆ ಸ್ವರವೂ ಬಂತು. ಬಿರುಕಿಲ್ಲದೆ, ನೀರಿನಂತೆ ಏರಿ ತಗಡಿನ ಮಾಡಿಗೆ ತಾಗಿ ನಿಂತಿತು. ಮದ್ದಳೆಯವನ ಕೈ ನಿಂತುಹೋಯಿತು. ಪ್ರಭುಲಿಂಗ ಸರ್ ಕುರ್ಚಿಯಿಂದ ಎದ್ದರು. ಐಶ್ವರ್ಯ ಮಾತ್ರ ಪರದೆಯ ಹಿಂದೆ ನಾಲಗೆಯ ಮೇಲಿಂದ ಏನನ್ನೋ ಎಳೆಯುತ್ತಿದ್ದಳು. ಕೂದಲು. ಎಳೆದಷ್ಟೂ ಬಂತು. ಮೊಳದುದ್ದ ಬಂತು. ಆಕೆಯ ಕೂದಲು ಹೆಗಲಿಗೂ ಮುಟ್ಟುತ್ತಿರಲಿಲ್ಲ.

ಎರಡು ದಿನ ಬಿಟ್ಟು ನಲ್ಲಿಯ ಹತ್ತಿರ ವಿಜಯಾ ಆಕೆಯ ರೆಟ್ಟೆ ಹಿಡಿದಳು. "ಐಶೂ, ನೀ ಕುಣಿಯೂವಾಗ ನಾ ಕೆಳಗ ನೋಡಿದ್ನಿ. ನಾಕ ಪಾದ ಇದ್ದವು."

"ಪ್ರೀತೀದು ಇರಬೇಕು."

"ಪ್ರೀತಿ ಬೂಟು ಹಾಕ್ಕೊಂಡಿದ್ಲು. ಇವು ಬರಿಗಾಲು. ಬೆರಳಿಗೆಲ್ಲ ಅರಿಷಿಣ." ವಿಜಯಾ ಸುತ್ತ ನೋಡಿ ದನಿ ತಗ್ಗಿಸಿದಳು. "ಕಾಂಚನಾ ಅಂತ ಇದ್ಲಂತ ಲೇ, ಮೂರು ವರ್ಷದ ಹಿಂದ. ಇದ ಆಟ, ಇದ ಪಾತ್ರ. ಜ್ವರ ಇದ್ದರೂ ಬಣ್ಣ ಹಚ್ಚಿಸ್ಕೊಂಡು ನಿಂತ್ಲಂತ. ಸಾರಥಿ ಹೆಸರು ಕೇಳೂದು, ಈಕಿ ಪರದಿ ಹಿಂದ ಬೀಳೂದು ಒಂದ ಆತು. ಎತ್ತಿ ಬದಿಗೆ ಮಲಗಿಸಿ ಬ್ಯಾರೆ ಹುಡುಗೀನ್ನ ನಿಲ್ಲಿಸಿ ಆಟ ಮುಗಿಸಿದ್ರು. ಜಮಖಂಡಿ ದವಾಖಾನಿ ಮುಟ್ಟೂದ್ರಾಗ ಜೀವ ಹೋಗಿತ್ತು. ಅವರಪ್ಪ ರಬಕವಿಯಾಂವ, ಪರಮಾನಂದ ಅಂತ, ನೇಕಾರ. ಮಗಳ ಜಡಿ ಕತ್ತರಿಸಿ ಇಟ್ಕೊಂಡ. ಯಾವನೋ ಮಾಟಗಾರನ ಮಾತು ಕೇಳಿ ನಲವತ್ತು ದಿನ ದೀಪಿಲ್ಲದ ಕ್ವಾಣ್ಯಾಗ ಕುಣಿಯಾಗ ಕಾಲು ಇಳಿಬಿಟ್ಟು ಕೈಮಗ್ಗದ ಮುಂದ ಕುಂತು, ಎಳಿಗೊಂದು ಕೂದಲ ಸೇರಿಸಿ ನೇದಾನಂತ. ನೇದು ಸಾಲಿಗೆ ಕೊಟ್ಟ. ಸತ್ತ ಮಗಳ ಹೆಸರಿನ ದಾನ, ಯಾರು ಒಲ್ಲೆ ಅಂತಾರ?"

"ಹೇಳಿದವರು ಯಾರು? ಬೋರವ್ವಾಯಿ ಏನು? ನಿನ್ನ ಕಣ್ಣು ಮೊದಲ ಡಾಕ್ಟರಿಗೆ ತೋರಸು."

ನಕ್ಕು ಬಂದಳು ನಿಜ. ಆದರೆ ಆ ವಾರ ಹಾಜರಿ ಕರೆಯುವಾಗ ಟೀಚರು ಮೂರು ಸಲ "ಐಶ್ವರ್ಯ" ಅಂದರೂ ಆಕೆ ಓ ಅನ್ನಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಅನಿಸಿತು. ಪ್ರೀತಿ ಮೊಣಕೈಯಿಂದ ತಿವಿದಾಗಲೇ ಎಚ್ಚರ. ರವಿವಾರ ತಾಯಿಯ ಫೋನು ಬಂತು. "ಉಂಡಿ ಏನವ್ವಾ?" ಅನ್ನುವ ದನಿ ಬಹಳ ದೂರದ್ದಾಗಿ, ಪರಿಚಯವಿಲ್ಲದ ಹೆಂಗಸಿನದಾಗಿ ಕೇಳಿಸಿತು. ಫೋನಿಟ್ಟ ಮೇಲೆ ಐಶ್ವರ್ಯ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ತನ್ನ ಹೆಸರು ಹೇಳಿಕೊಂಡಳು. ತುಟಿ ಅಲುಗಿದವು. ಕನ್ನಡಿಯಲ್ಲಿ ಕೊಂಚ ತಡವಾಗಿ ಅಲುಗಿದವು.

ಓಡಿದಳು ಬೋರವ್ವನ ಕಡೆಗೆ.

"ಇನ್ನೂ ಪೂರಾ ಆಗಿಲ್ಲ," ಅಂದಳು ಬೋರವ್ವ, ತಲೆ ಎತ್ತದೆ ಗೆಜ್ಜೆ ಉಜ್ಜುತ್ತ. "ತಾಲೀಮಿಗೆ ಮಂದಿ ಎಲ್ಲಿದ್ರು? ಮಂದಿ ಮುಂದ ಹೇಳಿದ ದಿನ ಪೂರಾ ಆಗತೈತಿ. ನೀ ಪರದಿ ಸರಿದ ಮ್ಯಾಲೆ ಹೇಳ್ತೇನಿ ಅನ್ನು. ಮುಗೀತು."

"ಪರದೀನ ಸುಟ್ಟು ಬಿಡಬಾರದೇನ ಆಯಿ?"

"ಸುಡಾಕ ಹೋದಾಕಿ ನಾನ. ಕಡ್ಡಿ ಗೀರಿದ್ನಿ. ಒಳಗಿಂದ 'ಆಯೀ, ಉರಿ ಬೇ' ಅಂತು." ಬೋರವ್ವ ಗೆಜ್ಜೆ ಕೆಳಗಿಟ್ಟಳು. "ಕೂಸಿನ ದನಿ. ನನ್ನ ಕೈಲಾಗಲಿಲ್ಲ."

ಮರುದಿನ ಐಶ್ವರ್ಯ ಹಳೆಯ ಪದ್ಧತಿಯಂತೆಯೇ ಮಾಡಿದಳು. ಪರದೆ ಸರಿಯಿತು, ಶಶಿಕಾಂತ ಕೇಳಿದ, ಆಕೆ ಹೆಸರು ಹೇಳಿದಳು. ಏನೂ ಆಗಲಿಲ್ಲ. ವಾಸನೆಯಿಲ್ಲ, ಕೂದಲಿಲ್ಲ. ಸ್ವರವೂ ಇಲ್ಲ. ಅದೇ ಜಾಗದಲ್ಲಿ ಗಂಟಲು ಕಿರ್ ಅಂದಿತು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಪ್ರಭುಲಿಂಗ ಸರ್ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಧಾರವಾಡದವರು ಬರೂ ಹೊತ್ತಿಗೆ ಸುಧಾರಿಸ್ತೀ ಏನು, ಇಲ್ಲಾ ಪ್ರೀತೀನ ತಯಾರ ಮಾಡ್ಲೇನವ್ವಾ?" ಅಂದರು.

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಆಟದ ದಿನ ಬಂತು. ಬಂದವರು ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕೆಂದು ಮಧ್ಯಾಹ್ನ ಎರಡಕ್ಕೇ ಆಟ ಇಟ್ಟಿದ್ದರು. ದೀಪದ ಬೆಳಕು ಕಾಣಲೆಂದು ಶೆಡ್ಡಿನ ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದರು. ಒಳಗೆ ಸೆಕೆ, ಬಣ್ಣದ ಎಣ್ಣೆ, ಮಲ್ಲಿಗೆ, ಮಂದಿಯ ಬೆವರು. ಹೊರಗೆ ಯಾವತ್ತಿನಂತೆ ಊರಿನ ಪವರ್‌ಲೂಮುಗಳ ಖಟಕ್ ಖಟಕ್. ಐಶ್ವರ್ಯ ಕಿರೀಟ ಹೊತ್ತು ಇಣುಕಿದಳು. ಮುಂದಿನ ಸಾಲಿನಲ್ಲಿ ಧಾರವಾಡದ ಇಬ್ಬರು. ಅವರ ಹಿಂದೆ ಅವ್ವ. ಇದ್ದುದರಲ್ಲಿ ಛಲೋ ಸೀರೆ, ಸೆರಗಿನಡಿ ಬಚ್ಚಿಟ್ಟ ಕೈ. ಮೂಲೆಯ ಬೆಂಚಿನ ಮೇಲೆ ಬಿಳಿ ಟೊಪ್ಪಿಗೆಯ ಬಡಕಲು ಮನುಷ್ಯನೊಬ್ಬ ಪರದೆಯನ್ನೇ ನೋಡುತ್ತಿದ್ದ. ಪ್ರತಿ ವರ್ಷದ ಆಟಕ್ಕೂ ತಪ್ಪದೆ ಬರುವ ಪರಮಾನಂದ.

ಸರಿದ ಮೇಲೆ ಹೇಳುವುದು, ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಪರದೆಯ ಹಿಂದೆ ನಿಂತಳು. ಮದ್ದಳೆ ಎದ್ದಿತು. ಪಾದ ಎದ್ದವು.

ಆಗ ಕರೆಂಟು ಹೋಯಿತು.

ದೀಪ ಆರಿ, ತಗಡಿನ ಸಂದಿಯಿಂದ ಇಳಿಯುವ ಬಿಸಿಲಿನ ಎಳೆಗಳಷ್ಟೇ ಉಳಿದವು. ಮೈಕು ಸತ್ತಿತು. ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಉಸಿರಾಡಿದ ಮಂದಿ ಮಾತು ಮರೆತು ಕೂತರು. ಅಂಥ ನಿಶ್ಶಬ್ದದಲ್ಲಿ ಒಂದೇ ಒಂದು ಮಗ್ಗ ನಿಂತಿರಲಿಲ್ಲ. ಕೈಮಗ್ಗ. ಟಕ್. ಲಾಳಿ ಓಡಿತು. ಟಕ್. ಮತ್ತೆ ಓಡಿತು. ಸದ್ದು ಹೊರಗಿನದಲ್ಲ. ಆಕೆಯ ಮೂಗಿಗೆ ತಾಗುತ್ತಿದ್ದ ಬಟ್ಟೆಯ ಒಳಗಿನದು.

"ಹಿಂಗ ನಡೀಲಿ! ನಿಲ್ಲಸಬ್ಯಾಡ್ರಿ!" ಪ್ರಭುಲಿಂಗ ಸರ್ ಕೂಗಿದರು.

ಐಶ್ವರ್ಯ ಮೆಲ್ಲಗೆ ಗಂಟಲಲ್ಲೇ ಸ್ವರ ಹಿಡಿದು ನೋಡಿದಳು. ಕಿರ್.

ಪಕ್ಕದಲ್ಲಿ ಯಾರೋ ನಿಂತರು. ಅರಿಷಿಣದ ಪಾದ. ಕೊಬ್ಬರಿ ಎಣ್ಣೆ. ಕಿವಿಯ ಹತ್ತಿರ ಬಿಸಿ ಉಸಿರು. "ನಾ ಹಾಡ್ಲೇನು?" ಅಂತು ದನಿ. ಬೇಡಿಕೊಳ್ಳುವ ದನಿ. "ಒಂದ ಸಲ. ನಾ ಹಾಡ್ಲೇನು?"

ಅವ್ವನ ಅಂಗೈ ನೆನಪಾಯಿತು. ಪ್ರೀತಿಯ ತಲೆಯ ಮೇಲೆ ಕಿರೀಟ ಕಣ್ಣಿಗೆ ಕಟ್ಟಿತು. ಒಂದ ಸಲ. ಇದೊಂದ ಸಲ. ಆಮೇಲೆ ಈ ಪರದಿಯ ಗೊಡವೆಯೇ ಬೇಡ.

ಶಶಿಕಾಂತನ ಕೂಗು ಆ ಮಬ್ಬಿನಲ್ಲಿ ಹೊತ್ತಿಗೆ ಮೊದಲೇ ಬಂತು. "ಬಂದಂಥವರು ಯಾರು? ನಿಮ್ಮ ನಾಮಾಂಕಿತವೇನು?"

ಪರದೆ ಇನ್ನೂ ಸರಿದಿರಲಿಲ್ಲ.

ಹೇಳಿದಳು.

ಲಾಳಿ ಎದೆಯೊಳಗೆ ಹಾದುಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕೈ ಎತ್ತಿದಳು, ಕೈ ಇರಲಿಲ್ಲ. ಕೂಗಿದಳು, ಬಾಯಿ ಇರಲಿಲ್ಲ. ಹಾಸು. ಹೊಕ್ಕು. ಹಾಸು. ಹೊಕ್ಕು. ಎಳೆ ಬಿಗಿಯಾಯಿತು. ಎಳೆಗಳ ಸಂದಿಯಿಂದ ನೋಡಿದಳು. ಎದುರಿಗೆ ಒಬ್ಬ ಹುಡುಗಿ ಕಿರೀಟ ಸರಿಮಾಡಿಕೊಳ್ಳುತ್ತಿದ್ದಳು. ಅವೇ ಕಣ್ಣು, ಅದೇ ಗಲ್ಲದ ಮಚ್ಚೆ. ಆ ಹುಡುಗಿ ಬಾಯಿ ತೆರೆದಳು. ಮೂರು ವರ್ಷ ತಡೆದಿಟ್ಟ ಹಾಡು ಏರಿತು. ಏರಿತು. ಅತ್ತ ಮಂದಿ ಅಳತೊಡಗಿದರು.

ಪರದೆ ಸರಿಯಿತು.

ಆಟ ಮುಗಿದು ಬಾಗಿಲು ತೆಗೆದಾಗ ಪರದೆ ಕುರ್ಚಿಯೊಂದರ ಬೆನ್ನಿಗೆ ಬಿದ್ದಿತ್ತು. ಧಾರವಾಡದವರು ಆ ಹುಡುಗಿಯ ತಲೆ ಮುಟ್ಟಿ, ಜೂನಿಗೆ ಬಾ ಅಂದರು. ಪರಮಾನಂದ ಎಲ್ಲರೂ ಸರಿಯುವವರೆಗೆ ಕಾದು ಹತ್ತಿರ ಬಂದ. ನೂಲಿನ ಬಣ್ಣ ಅಂಟಿದ ಕೈ ಚಾಚಿದ.

"ಕಾಂಚೂ," ಅಂದ, ಉಸಿರಿನಷ್ಟೇ ದನಿಯಲ್ಲಿ. "ನಡಿಯವ್ವಾ, ಮನಿಗೆ ಹೋಗೂನು. ನಿಮ್ಮವ್ವ ಅನ್ನ ಬಿಟ್ಟಾಳ."

ಹುಡುಗಿ ಸುತ್ತ ನೋಡಿದಳು. "ಧಾರವಾಡಕ್ಕ ಕರದಾರಪ್ಪಾ. ನಾ ಕಲೀಬೇಕು."

"ನಿನ್ನ ಸಲುವಾಗಿ ನಾ ಎಂಥಾ ಪಾಪ ಮಾಡೇನಿ…"

"ರಬಕವಿಗೆ ಬಂದು ಏನಂತ ಇರಲಿ? ಈ ಬ್ಯಾರೇದಾಕಿ ಮಾರಿ ಇಟಗೊಂಡು? ತಡೀಬ್ಯಾಡಪ್ಪಾ, ನಿನ್ನ ಕಾಲಿಗೆ ಬೀಳ್ತೇನಿ."

ಅಂದವಳೇ ಹೊರಳಿ ಹೋಗಿ ಮಂಗಲಾಳನ್ನು ತಬ್ಬಿದಳು. ಪರಮಾನಂದನ ಕೈ ಚಾಚಿದಲ್ಲೇ ಉಳಿಯಿತು. ಗಾಳಿಯಿರಲಿಲ್ಲ, ಆದರೂ ಕುರ್ಚಿಯ ಮೇಲಿನ ಪರದೆ ಆಗ ಪಟಪಟ ಬಡಿದುಕೊಂಡಿತು. ಆತ ಅದನ್ನು ನೋಡಿದ. ನೇದವನಿಗೆ ತಿಳಿಯದೆ? ಕಣ್ಣು ಕೆಳಗೆ ಹಾಕಿ, ಮಂಗಲಾಳಿಗೆ ಕೈ ಮುಗಿದ. "ನಿಮ್ಮ ಮಗಳು ಭಾಳ ಛಲೋ ಹಾಡಿದಳ್ರಿ ತಾಯೀ," ಅಂದು ಬಿಸಿಲಿಗೆ ನಡೆದುಬಿಟ್ಟ.

ಬೋರವ್ವ ಓಡಿಬಂದು ಹುಡುಗಿಯ ಗಲ್ಲ ಹಿಡಿದಳು. "ನಿನ್ನ ಹೆಸರು ಹೇಳವ್ವಾ. ಲಗೂನ ಹೇಳು."

"ಐಶ್ವರ್ಯ," ನಕ್ಕಿತು ಆ ಮೋರೆ. "ಮರತ್ಯಾ ಏನು ಆಯಿ? ರೇಶನ್ ಕಾರ್ಡ್ ತೋರಸ್ಲೇನು?"

ಬೋರವ್ವ ನಿಟ್ಟುಸಿರು ಬಿಟ್ಟಳು. ಎಷ್ಟೋ ದಿನಗಳ ಭಾರ ಇಳಿದಂತೆ ಮೈ ಸಡಿಲಾಯಿತು. ಪರದೆ ಎತ್ತಿಕೊಂಡು, ಕೈ ಸಾಲದೆ ಅತ್ತಿತ್ತ ನೋಡಿದಳು.

"ತರ್ರಿ, ನಾ ಒಂದು ಕಡೆ ಹಿಡೀತೇನಿ," ಅಂದಳು ಮಂಗಲಾ. ಖಾಲಿ ಕೂತು ಆಕೆಗೆ ಗೊತ್ತಿರಲಿಲ್ಲ.

ಅವ್ವ ಎರಡು ತುದಿ ಹಿಡಿದಳು. ಅವ್ವನ ಮೈಯ ಜೋಳದ ಹಿಟ್ಟಿನ ವಾಸನೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅವ್ವಾ. ನಾ ಇಲ್ಲಿ. ಅವ್ವಾ.

"ತೋದೈತಲ್ರೀ ಇದು," ಮಂಗಲಾ ಹುಬ್ಬು ಗಂಟಿಕ್ಕಿದಳು.

"ಹುಡುಗ್ರ ಬೆವರು."

"ಹಿಂಗ ಇಟ್ರ ಮುಗ್ಗ ಹಿಡೀತೈತಿ. ನಾಳೆ ಮರೀದ ಬಿಸಿಲಿಗೆ ಹಾಕ್ರಿ."

ಒರಟು ಅಂಗೈ ಬಟ್ಟೆಯ ಮೇಲೆ ಅಂಚಿನಿಂದ ಅಂಚಿಗೆ ಒಮ್ಮೆ ಹಾಯಿತು. ಸುಕ್ಕೊಂದೂ ಉಳಿಯದಂತೆ ತೀಡಿ, ಮಡಿಕೆಯ ಮೇಲೆ ಮಡಿಕೆ ಹಾಕಿ, ಮೇಲಿಂದ ಮೆಲ್ಲಗೆ ತಟ್ಟಿ, ಮಂಗಲಾ ಅದನ್ನು ಟ್ರಂಕಿನೊಳಗಿಟ್ಟು ಮುಚ್ಚಳ ಎಳೆದಳು.