ಮಧ್ಯಾಹ್ನದ ಉಬ್ಬು

"ನಿಮ್ಮ ಗಡಿಯಾರ ಬೇಡ ಅಂತ ಬರೀತಿದ್ದೀನಿ," ಎಂದಳು ಪರೀಕ್ಷಕಿ, ಮುಖ ನೋಡದೆ.

ಅವನ ಕೈಲಿದ್ದ ಚಹಾ ಅಲ್ಲೇ ನಿಂತಿತು. ದಾರಿ ತೋರಿಸುವ ಉಪಗ್ರಹಗಳಿಗೆ ಪರಮಾಣು ಗಡಿಯಾರ ಆರಿಸುವ ಕೆಲಸ ಅವಳದು. ಗಡಿಯಾರ ಕೂದಲೆಳೆಯಷ್ಟು ತಪ್ಪಿದರೂ ಕೆಳಗೆ ದಾರಿ ಹುಡುಕುವವರು ಊರಾಚೆ ಹೋಗಿ ನಿಲ್ಲುತ್ತಾರೆ. ಅವನೋ, ತಾನು ಕಟ್ಟಿ ತಂದ ಗಡಿಯಾರಕ್ಕೆ ಅರ್ಧ ಯೌವನವನ್ನೇ ಸುರಿದವನು.

"ಯಾಕೆ?"

"ದಿನಾ ಮಧ್ಯಾಹ್ನ ತಪ್ಪುತ್ತೆ. ನೋಡಿ, ಗ್ರಾಫಲ್ಲಿ ಉಬ್ಬು. ಭಾನುವಾರ ಮಾತ್ರ ಇಲ್ಲ. ರಜೆ ತಗೊಳ್ಳೋ ಗಡಿಯಾರ ಇದೇ ಮೊದಲು ಕಂಡಿದ್ದು."

ಅವನ ಕಿವಿ ಕೆಂಪಾಯಿತು. "ತಪ್ಪು ಗಡಿಯಾರದ್ದಲ್ಲ, ನನ್ನದು. ಊಟದ ಹೊತ್ತಿಗೆ ಅದರ ಪಕ್ಕ ಹೋಗಿ ನಿಲ್ತೀನಿ. ಮೈ ಶಾಖ ತಾಗಿರ್ಬೇಕು."

"ಹತ್ತಿರ ಹೋಗ್ಬೇಡಿ ಅಂತ ಬೋರ್ಡ್ ಹಾಕಿದೀವಲ್ಲ. ಅಲ್ಲೇನಿದೆ ನಿಲ್ಲೋಕೆ?"

"ಅಲ್ಲಿಂದ ಗಾಜಿನಾಚೆ ನೀವು ಕಾಣ್ತೀರ. ಒಬ್ಬರೇ ಕೂತು ಊಟ ಮಾಡ್ತಿರ್ತೀರ. ಬಂದು ಜೊತೆಗೆ ಕೂರೋಕೆ ಧೈರ್ಯ ಸಾಲಲಿಲ್ಲ."

ಅವಳು ಗ್ರಾಫನ್ನು ತನ್ನತ್ತ ಎಳೆದುಕೊಂಡಳು. ಒಬ್ಬಳೇ ಉಂಡು, ಒಬ್ಬಳೇ ಹೋಗಿ ಖಾಲಿ ಮನೆಯ ಬೀಗ ತೆಗೆದು ಅಭ್ಯಾಸವಾದವಳು. ಅಕ್ಕ ಫೋನಿನಲ್ಲಿ "ಯಾರಾದ್ರೂ ಸಿಕ್ಕಿದ್ರೇನೇ?" ಎಂದರೆ "ಇನ್ನೊಂದು ಗಡಿಯಾರ ಸಿಕ್ತು" ಎಂದು ನಗಿಸಿ ಮಾತು ತೇಲಿಸುತ್ತಿದ್ದಳು.

"ಬಾಯಲ್ಲಿ ಹೇಳಿದ್ರೆ ಸಾಲದು," ಎಂದಳು ಕೊನೆಗೆ. "ಮತ್ತೆ ಪರೀಕ್ಷೆ ಮಾಡ್ತೀನಿ. ನೀವು ಆ ಕಡೆ ಸುಳೀಬಾರದು."

ಅವನು ಸುಳಿಯಲಿಲ್ಲ. ಊಟದ ಹೊತ್ತಿಗೆ ಅವಳು ತಲೆಯೆತ್ತಿ ಗಾಜಿನಾಚೆ ನೋಡುವಳು, ಗಡಿಯಾರವೊಂದೇ ಇರುತ್ತಿತ್ತು. ಯಾರೂ ನೋಡುವವರಿಲ್ಲ ಎಂದುಕೊಂಡು ಉಣ್ಣುತ್ತಿದ್ದ ದಿನಗಳೇ ವಾಸಿಯಾಗಿದ್ದವು. ಈಗ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದಳು.

ಹೊಸ ಗ್ರಾಫ್ ಬಂತು. ಉಬ್ಬು ಮಾಯವಾಗಿ ಗೆರೆ ನೆಟ್ಟಗಿತ್ತು. ಅಂಥ ಗೆರೆ ಕಂಡರೆ ಕುಣಿಯಬೇಕಾದವಳು ಅತ್ತಳು. ಆಯ್ಕೆಯಾದರೆ ಗಡಿಯಾರದ ಜೊತೆ ಅವನೂ ಉಡಾವಣಾ ಕೇಂದ್ರಕ್ಕೆ ಹೊರಡುತ್ತಾನೆ. ಇನ್ನೂ ಅನುಮಾನವಿದೆ ಎಂದು ಬರೆದರೆ ಮತ್ತೊಂದು ಪರೀಕ್ಷೆ, ಅವನು ಇನ್ನಷ್ಟು ದಿನ ಇಲ್ಲೇ. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಸುಳ್ಳು ಬರೆಯಲು ಕೈ ಬರಲಿಲ್ಲ. ಸಹಿ ಹಾಕಿ, ಅವನ ಕೋಣೆಗೆ ತಾನೇ ನಡೆದಳು.

"ನಿಮ್ಮ ಗಡಿಯಾರ ಪಾಸು."

ಅವನ ಮುಖ ಅರಳಿ, ಮರುಗಳಿಗೆಯೇ ಬಾಡಿತು. "ಹಾಗಾದ್ರೆ ಹೊರಡ್ಬೇಕು. ಅದರ ಜೊತೆ ಯಾರಾದ್ರೂ ಹೋಗ್ಲೇಬೇಕಲ್ಲ."

"ಬೇರೆ ಯಾರಾದ್ರೂ ಹೋಗ್ಲಿ. ಗಡಿಯಾರಕ್ಕೆ ನೀವು ಪಕ್ಕದಲ್ಲಿದ್ರೆ ಆಗಲ್ಲ." ಈ ಸಲ ಅವಳು ಅವನ ಮುಖ ನೋಡಿದಳು. "ನಂಗೆ ನೀವಿಲ್ಲದಿದ್ರೆ ಆಗಲ್ಲ."